ಓಡುತ್ತದೋ ತೋಪಾಗುತ್ತದೋ ಎಂದು ಹೇಳುವ ಮುನ್ನ

ಮಗಳೇ,

ಯಾರದಾದರೂ ಜೀವನಚರಿತ್ರೆಯ ಮೇಲೆ ಕಟ್ಟಿದ ಹೊಸ ಮ್ಯೂಸಿಕಲ್ ಬ್ರಾಡ್‌ವೇಗೆ ಬರುತ್ತಿದೆ ಎಂಬ ಸುದ್ದಿ ಹೊರಬಿದ್ದ ದಿನವೇ ನಿಮ್ಮ ನಾಟಕ ಶಾಲೆಯ ಗೆಳೆಯರಲ್ಲಿ ಪಣ ಶುರುವಾಗುತ್ತದೆ ಎಂದು ಬರೆದಿದ್ದೀಯ. ಪೋಸ್ಟರ್ ನೋಡಿಯೇ ಒಬ್ಬ ‘ಐದು ವರ್ಷ ಗ್ಯಾರಂಟಿ’ ಅನ್ನುತ್ತಾನೆ. ಇನ್ನೊಬ್ಬಳು ‘ತಿಂಗಳೊಳಗೆ ಮಕಾಡೆ ಮಲಗುತ್ತೆ ನೋಡ್ತಿರು’ ಅನ್ನುತ್ತಾಳೆ. ಕೊನೆಗೆ ನೀನು ಕೇಳಿದ್ದೀಯ: ‘ದೊಡ್ಡಪ್ಪ, ಇದನ್ನು ಮೊದಲೇ ಹೇಳುವುದಕ್ಕೆ ಆಗುತ್ತದೆಯೇ?’

ಪೂರ್ತಿಯಾಗಿ ಆಗುವುದಿಲ್ಲ. ಆದರೆ ಹೆಸರು ಕೇಳಿ ಬಾಯಿಗೆ ಬಂದದ್ದು ಹೇಳುವುದಕ್ಕೂ, ನೋಡಬೇಕಾದ ಕಡೆ ನೋಡಿ ಅಂದಾಜು ಕಟ್ಟುವುದಕ್ಕೂ ಅಜಗಜಾಂತರವಿದೆ. ನಾಳೆ ಇದೇ ಕಸುಬಿನಲ್ಲಿ ಅನ್ನ ಹುಡುಕುವವಳು ನೀನು. ಆದ್ದರಿಂದ ಎರಡನೆಯದನ್ನು ಕಲಿಯಬೇಕು. ಇಷ್ಟು ವರ್ಷ ಈ ನಾಟಕಗಳ ಏಳುಬೀಳು ನೋಡುತ್ತ ಬಂದು ನಾನು ನಂಬಿರುವ ಮಾತು ಇದು: ವ್ಯಕ್ತಿಯ ಹೆಸರು ಮೊದಲ ಕೆಲವು ವಾರಗಳ ಟಿಕೆಟ್ ಮಾರುತ್ತದೆ. ಆ ಬದುಕಿನಿಂದ ನಾಟಕಕಾರರು ಏನನ್ನು ಆರಿಸಿಕೊಂಡರು ಎಂಬುದು ಉಳಿದ ಟಿಕೆಟ್ ಮಾರುತ್ತದೆ. ಆ ಆಯ್ಕೆ ಜನರ ಬಾಯಿಗೆ ಬೀಳುವ ತನಕ ನಾಟಕ ಉಸಿರಾಡುತ್ತಿರುತ್ತದೆಯೇ ಎಂಬುದನ್ನು ಲೆಕ್ಕದ ಪುಸ್ತಕ ತೀರ್ಮಾನಿಸುತ್ತದೆ. ಮೂರನ್ನೂ ನೋಡದೆ ತೀರ್ಪು ಕೊಡಬೇಡ.

ಮೊದಲು ಹೆಸರಿನ ವಿಚಾರ. 2005ನೇ ಇಸವಿ ಒಂದನ್ನೇ ತೆಗೆದುಕೋ, ಪಾಠ ಸಿಗುತ್ತದೆ. ಆ ವರ್ಷದ ಆಗಸ್ಟ್ 14ರಂದು ಬ್ರಾಡ್‌ಹರ್ಸ್ಟ್ ಥಿಯೇಟರಿನಲ್ಲಿ ‘ಲೆನನ್’ ಶುರುವಾಯಿತು. ಜಾನ್ ಲೆನನ್‌ಗಿಂತ ದೊಡ್ಡ ಹೆಸರು ಬೇಕೆ? ಲೆನನ್ ಪತ್ನಿ ಯೋಕೋ ಓನೋ ಅವರ ಒಪ್ಪಿಗೆಯೂ ಇತ್ತು. ಒಂಬತ್ತು ಮಂದಿ ಕಲಾವಿದರು, ಗಂಡಸರು ಹೆಂಗಸರು ಎಂಬ ಭೇದವಿಲ್ಲದೆ, ಸರದಿಯ ಮೇಲೆ ಲೆನನ್ ಆಗುವ ದಿಟ್ಟ ಪ್ರಯೋಗವೂ ಇತ್ತು. ಆದರೆ ಹಾಡುಗಳು ಹೆಚ್ಚಾಗಿ ಬೀಟಲ್ಸ್ ಒಡೆದ ಮೇಲಿನ ಒಂಟಿ ಕಾಲದವು. ಬೀಟಲ್ಸ್ ಕೇಳಬೇಕೆಂದು ಬಂದವರಿಗೆ ಬೀಟಲ್ಸ್ ಸಿಗಲಿಲ್ಲ. 49 ಪ್ರದರ್ಶನಗಳಿಗೆ, ಸೆಪ್ಟೆಂಬರ್ 24ಕ್ಕೆ, ಪರದೆ ಬಿತ್ತು. ಅದಾಗಿ ಆರು ವಾರಕ್ಕೆ, ನವೆಂಬರ್ 6ರಂದು, ‘ಜೆರ್ಸಿ ಬಾಯ್ಸ್’ ಬಂತು. ಫೋರ್ ಸೀಸನ್ಸ್ ತಂಡದ ಹಾಡುಗಳು ಅಮೆರಿಕನ್ನರಿಗೆ ಬಾಯಿಪಾಠವಾಗಿದ್ದರೂ ಹಾಡಿದವರ ಕಥೆ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ತಂಡದ ಗಾಯಕ ಫ್ರ್ಯಾಂಕಿ ವ್ಯಾಲಿ ಹುಟ್ಟಿದ್ದು ನೀನು ರೈಲಿನಲ್ಲಿ ದಾಟುವ ಆ ನ್ಯೂವಾರ್ಕ್ ಊರಿನಲ್ಲೇ. ಜೈಲು, ಸಾಲ, ಪುಂಡರ ಸಹವಾಸ, ಮುರಿದ ಸಂಸಾರ ಎಲ್ಲವೂ ಅವರ ಕಥೆಯಲ್ಲಿತ್ತು. ಒಂದೇ ಕಥೆಯನ್ನು ತಂಡದ ನಾಲ್ವರು ನಾಲ್ಕು ಋತುಗಳಾಗಿ ಹಂಚಿಕೊಂಡು, ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುತ್ತ ಹೇಳಿದರು. 2017ರ ಜನವರಿ 15ಕ್ಕೆ ಮುಗಿದಾಗ 4,642 ಪ್ರದರ್ಶನಗಳಾಗಿದ್ದವು. ಹೆಸರಿನ ತೂಕವೇ ಸಾಲುವಂತಿದ್ದರೆ ಈ ಎರಡು ಅಂಕಿಗಳು ತಿರುವುಮುರುವಾಗಬೇಕಿತ್ತು.

ಹೆಸರೇ ಇಲ್ಲದವರ ಕಥೆಯನ್ನೂ ನೋಡು. 2009ರ ಮೇ ತಿಂಗಳಲ್ಲಿ ಲಿನ್-ಮ್ಯಾನುಯೆಲ್ ಮಿರಾಂಡಾ ಶ್ವೇತಭವನದ ಸಭೆಯೊಂದರಲ್ಲಿ, ತಾವು ಅಲೆಗ್ಸಾಂಡರ್ ಹ್ಯಾಮಿಲ್ಟನ್ ಬಗ್ಗೆ ಹಿಪ್-ಹಾಪ್ ಹಾಡುಗಳನ್ನು ಬರೆಯುತ್ತಿರುವುದಾಗಿ ಹೇಳಿದರು. ಸಭೆ ನಕ್ಕಿತು. ಅಮೆರಿಕದ ಮೊದಲ ಖಜಾನೆ ಮಂತ್ರಿಯ ಬದುಕನ್ನು ಹಾಡಿ ಕುಣಿಯುವುದೆಂದರೆ ಯಾರಿಗಾದರೂ ನಗು ಬರುವಂಥದ್ದೇ. ರಾನ್ ಚೆರ್ನೋ ಅವರು 2004ರಲ್ಲಿ ಹೊರತಂದ ದಪ್ಪನೆಯ ಜೀವನಚರಿತ್ರೆಯಿಂದ ಹುಟ್ಟಿದ ಆ ಯೋಚನೆ 2015ರ ಆಗಸ್ಟ್ 6ರಂದು ರಿಚರ್ಡ್ ರಾಜರ್ಸ್ ಥಿಯೇಟರಿಗೆ ಬಂತು. ಮರುವರ್ಷ 11 ಟೋನಿ ಪ್ರಶಸ್ತಿ ಮತ್ತು ನಾಟಕಕ್ಕೆ ಕೊಡುವ ಪುಲಿಟ್ಜರ್ ಅದಕ್ಕೆ ಸಂದವು. ಶ್ವೇತಭವನದ ಆ ಸಭೆಗೂ ಬ್ರಾಡ್‌ವೇಯ ಮೊದಲ ದಿನಕ್ಕೂ ನಡುವೆ ಆರು ವರ್ಷಗಳಿದ್ದವು ಎಂಬುದನ್ನು ಗಮನಿಸು. ನಕ್ಕವರು ಯೋಚನೆಯೊಂದನ್ನು ಮಾತ್ರ ಅಳೆದಿದ್ದರು. ಯೋಚನೆ ಆರು ವರ್ಷ ಬೆಂದು ನಾಟಕವಾದ ಮೇಲೆ ಅದು ಬೇರೆಯೇ ವಸ್ತುವಾಗಿತ್ತು.

ಹಾಗಾದರೆ ‘ಇದು ಯಾರ ಕಥೆ’ ಎಂದು ಕೇಳುವುದನ್ನು ಬಿಟ್ಟು ಏನು ಕೇಳಬೇಕು? ‘ಆ ಬದುಕಿನ ಯಾವ ಗಂಟನ್ನು ಹಿಡಿದಿದ್ದಾರೆ’ ಎಂದು ಕೇಳು. ದೊಡ್ಡ ಮನುಷ್ಯರ ಬದುಕು ಹಲಸಿನ ಹಣ್ಣಿನಂಥದ್ದು. ಗಾತ್ರ ನೋಡಿ ಬೆರಗಾಗುತ್ತೇವೆ, ಆದರೆ ತಿನ್ನುವವನಿಗೆ ಬೇಕಾದದ್ದು ತೊಳೆ. ಮೇಣ, ಸಿಪ್ಪೆ, ರಚ್ಚೆ ಎಲ್ಲವನ್ನೂ ಎಲೆಯ ಮೇಲಿಟ್ಟರೆ ಯಾರೂ ಉಣ್ಣುವುದಿಲ್ಲ. ಹುಟ್ಟಿದ್ದು, ಬಡತನ, ಮೊದಲ ಚಪ್ಪಾಳೆ, ಮದುವೆ, ವಿಚ್ಛೇದನ, ಪತನ, ಪುನರುತ್ಥಾನ, ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಹಾಡುವ ಹಾಡು: ಈ ವರಸೆಯಲ್ಲಿ ಸಾಗುವ ನಾಟಕ ಕಂಡರೆ ಎಚ್ಚರವಾಗು. 2012ರಲ್ಲಿ ಬಂದ ‘ಚಾಪ್ಲಿನ್’ ಲಂಡನ್ನಿನ ಬಾಲ್ಯದಿಂದ ಹಿಡಿದು 1972ರ ಗೌರವ ಆಸ್ಕರ್‌ವರೆಗೆ ಇಡೀ ಜೀವಮಾನವನ್ನು ಎರಡೂವರೆ ಗಂಟೆಯಲ್ಲಿ ತುಂಬಲು ನೋಡಿತು. ಚಾಪ್ಲಿನ್ ಆದ ರಾಬ್ ಮೆಕ್ಲೂರ್ ಟೋನಿಗೆ ನಾಮನಿರ್ದೇಶನಗೊಂಡರು. ನಾಟಕ ಮಾತ್ರ 135 ಪ್ರದರ್ಶನಗಳಿಗೆ ನಿಂತಿತು.

ಗಂಟು ಸಿಕ್ಕ ನಾಟಕಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ‘ಜಿಪ್ಸಿ’ ಬರ್ಲೆಸ್ಕ್ ತಾರೆ ಜಿಪ್ಸಿ ರೋಸ್ ಲೀ ಅವರ ಆತ್ಮಕಥೆಯಿಂದ ಬಂದದ್ದು. ಆದರೆ ಆರ್ಥರ್ ಲಾರೆಂಟ್ಸ್, ಜೂಲ್ ಸ್ಟೈನ್, ಸ್ಟೀಫನ್ ಸಾಂಡ್‌ಹೈಮ್ ಸೇರಿ ನಾಟಕದ ನಡುಮನೆಯಲ್ಲಿ ಕೂರಿಸಿದ್ದು ಆ ತಾರೆಯನ್ನಲ್ಲ, ಅವಳ ತಾಯಿ ರೋಸ್‌ಳನ್ನು. ಮಕ್ಕಳ ಮೂಲಕ ತನ್ನ ಆಸೆ ತೀರಿಸಿಕೊಳ್ಳಲು ಹೊರಟ ತಾಯಿ ಎಂದ ಕೂಡಲೇ ಅದು ಒಬ್ಬ ನರ್ತಕಿಯ ಜೀವನಚರಿತ್ರೆಯನ್ನು ದಾಟಿ ಎಲ್ಲ ಮನೆಗಳ ಕಥೆಯಾಯಿತು. ‘ಎವಿಟಾ’ದಲ್ಲಿ ಅರ್ಜೆಂಟೀನಾದ ಅಧ್ಯಕ್ಷರ ಪತ್ನಿ ಎವಾ ಪೆರೋನ್‌ಳನ್ನು ಹೊಗಳುವ ಜನಸಾಗರ ಒಂದು ಕಡೆ, ಅವಳ ಒಂದೊಂದು ಹೆಜ್ಜೆಯನ್ನೂ ಪ್ರಶ್ನಿಸುವ ಚೆ ಎಂಬ ನಿರೂಪಕ ಇನ್ನೊಂದು ಕಡೆ. ಪ್ರೇಕ್ಷಕ ಮನೆಗೆ ಹೋಗುವಾಗಲೂ ಅವನ ತಲೆಯಲ್ಲಿ ವಾದ ನಡೆಯುತ್ತಿರುತ್ತದೆ. 2014ರ ‘ಬ್ಯೂಟಿಫುಲ್’ ಕ್ಯಾರೊಲ್ ಕಿಂಗ್ ಅವರ ಇಡೀ ಬದುಕನ್ನು ಹೇಳಲು ಹೋಗಲಿಲ್ಲ. ಬೇರೆಯವರಿಗೆ ಹಾಡು ಬರೆದುಕೊಡುತ್ತಿದ್ದ ಹುಡುಗಿ 1971ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ತನ್ನ ಹಾಡನ್ನು ತಾನೇ ಹಾಡುವಲ್ಲಿಗೆ ನಿಲ್ಲಿಸಿತು. ಗುರಿ ಸ್ಪಷ್ಟವಿತ್ತು. ಐದೂಮುಕ್ಕಾಲು ವರ್ಷ ನಡೆಯಿತು.

ಹಾಗಾಗಿ ಹೊಸ ನಾಟಕದ ವಿವರಣೆ ಕೈಗೆ ಬಂದಾಗ ನಾಯಕ ಅಥವಾ ನಾಯಕಿಯ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಓದು. ಉಳಿದ ಸಾಲುಗಳಲ್ಲಿ ಒಬ್ಬ ಮನುಷ್ಯ ಏನನ್ನೋ ಬಯಸಿ, ಅದಕ್ಕಾಗಿ ಏನನ್ನೋ ಕಳೆದುಕೊಳ್ಳುವುದು ಕಾಣುತ್ತದೆಯೇ? ಕಂಡರೆ ಅಲ್ಲಿ ನಾಟಕವಿದೆ. ಬರೀ ‘ಅವರ ಅದ್ಭುತ ಪಯಣ’ ಎಂದಿದ್ದರೆ ಇನ್ನೂ ಇಲ್ಲ.

ಇನ್ನು ಹಾಡು. ಹೊಸ ಹಾಡೋ, ಜನರಿಗೆ ಆಗಲೇ ಗೊತ್ತಿರುವ ಹಾಡೋ ಎಂಬುದು ದೊಡ್ಡ ಕವಲು. ಗೊತ್ತಿರುವ ಹಾಡು ಎಂದೂ ಥಿಯೇಟರಿನ ಮೆಟ್ಟಿಲು ಹತ್ತದವರನ್ನೂ ಕರೆತರುತ್ತದೆ, ಅದರ ಬಲ ಅದು. ಆದರೆ ರೇಡಿಯೋಗಾಗಿ ಬರೆದ ಹಾಡು ಮೂರು ನಿಮಿಷ ಒಂದೇ ಭಾವದಲ್ಲಿ ನಿಲ್ಲುತ್ತದೆ, ಕಥೆಯನ್ನು ಮುಂದೆ ತಳ್ಳುವ ಕೆಲಸ ಅದಕ್ಕೆ ಗೊತ್ತಿಲ್ಲ. ‘ಬ್ಯೂಟಿಫುಲ್’ ಈ ತೊಡಕನ್ನು ಜಾಣತನದಿಂದ ಬಿಡಿಸಿಕೊಂಡಿತು. ಅಲ್ಲಿನ ಪಾತ್ರಗಳ ವೃತ್ತಿಯೇ ಹಾಡು ಬರೆಯುವುದು. ಒಂದು ಕೋಣೆಯಲ್ಲಿ ಕ್ಯಾರೊಲ್ ಕಿಂಗ್ ಮತ್ತು ಜೆರ್ರಿ ಗಾಫಿನ್, ಪಕ್ಕದಲ್ಲಿ ಬ್ಯಾರಿ ಮ್ಯಾನ್ ಮತ್ತು ಸಿಂಥಿಯಾ ವೈಲ್. ಎರಡು ಜೋಡಿಗಳ ಸ್ನೇಹದ ಪೈಪೋಟಿಯಲ್ಲಿ ಹಾಡುಗಳು ಹುಟ್ಟುವುದೇ ಕಥೆ. ಹೊಸ ಹಾಡಿನ ನಾಟಕಕ್ಕೆ ಈ ಅನುಕೂಲವಿಲ್ಲ, ಅದು ಮೊದಲ ದಿನದಿಂದ ಕಿವಿಗಳನ್ನು ಗೆಲ್ಲಬೇಕು. ‘ಎವಿಟಾ’ ಅದಕ್ಕೊಂದು ದಾರಿ ಮಾಡಿಕೊಂಡಿತ್ತು: ಮೊದಲು 1976ರಲ್ಲಿ ಆಲ್ಬಮ್ಮಾಗಿ ಬಂತು, 1978ರಲ್ಲಿ ಲಂಡನ್ ರಂಗಕ್ಕೆ, 1979ರಲ್ಲಿ ನ್ಯೂಯಾರ್ಕಿಗೆ. ಪರದೆ ಏಳುವ ಹೊತ್ತಿಗೆ ಹಾಡು ಜನರ ನಡುವೆ ಓಡಾಡುತ್ತಿತ್ತು. ಹೊಸ ಸಂಗೀತದ ನಾಟಕವಾದರೆ ಈ ಪ್ರಶ್ನೆ ಇಟ್ಟುಕೋ: ಹಾಡುಗಳು ನಾಟಕಕ್ಕಿಂತ ಮುಂಚೆ ಊರು ಸುತ್ತಿವೆಯೇ?

ಜೀವನಚರಿತ್ರೆಯ ನಾಟಕಕ್ಕೆ ಮಾತ್ರ ಅಂಟಿಕೊಂಡ ಇನ್ನೊಂದು ಸಂಗತಿ ಅನುಮತಿ. ಹಾಡಿನ ಹಕ್ಕು ಯಾರ ಕೈಯಲ್ಲಿದೆಯೋ ಅವರು ಕಥೆಯ ಬಾಗಿಲಲ್ಲೂ ನಿಂತಿರುತ್ತಾರೆ. 1964ರ ‘ಫನ್ನಿ ಗರ್ಲ್’ ಫ್ಯಾನಿ ಬ್ರೈಸ್ ಎಂಬ ಹಾಸ್ಯನಟಿಯ ಕಥೆ. ನಿರ್ಮಾಪಕ ರೇ ಸ್ಟಾರ್ಕ್ ಅವರದೇ ಅಳಿಯ. 2022ರ ‘ಎಂಜೆ’ ಮೈಕೆಲ್ ಜಾಕ್ಸನ್ ಎಸ್ಟೇಟಿನ ಒಪ್ಪಿಗೆಯಿಂದ ಬಂದದ್ದು. ಕಥೆ 1992ರ ಪ್ರವಾಸದ ತಾಲೀಮಿನಲ್ಲಿ ನಡೆಯುತ್ತದೆ, ಮರುವರ್ಷ ಬಹಿರಂಗವಾದ ಆರೋಪಗಳ ಹೊಸಿಲಿಗೂ ಅದು ಬರುವುದಿಲ್ಲ. ವಿಮರ್ಶಕರು ಅದನ್ನೇ ಎತ್ತಿ ಆಡಿದರು, ಪ್ರೇಕ್ಷಕರು ನೃತ್ಯಕ್ಕೂ ಹಾಡಿಗೂ ಬಂದೇ ಬಂದರು. ಇದರಿಂದ ಎರಡು ವಿಷಯ ತಿಳಿ. ಮನೆಯವರು ಪಕ್ಕದಲ್ಲಿ ಕೂತು ಬರೆಸಿದ ಕಥೆಯಲ್ಲಿ ಚೂಪಾದ ಮೂಲೆಗಳು ಸವೆದಿರುವ ಸಂಭವ ಹೆಚ್ಚು. ಹಾಗೆ ಸವೆದದ್ದು ಗಲ್ಲಾಪೆಟ್ಟಿಗೆಗೆ ಪೆಟ್ಟು ಕೊಟ್ಟೇ ಕೊಡುತ್ತದೆ ಎಂದೇನೂ ಇಲ್ಲ. ನಿನ್ನ ಮನಸ್ಸಾಕ್ಷಿ ಒಪ್ಪದ ನಾಟಕ ಚೆನ್ನಾಗಿ ಓಡಬಹುದು. ಅಂಥ ಹೊತ್ತಿನಲ್ಲಿ ನಿನ್ನ ಬೇಸರವನ್ನು ಭವಿಷ್ಯವಾಣಿಯ ವೇಷ ಹಾಕಿಸಿ ಹೊರಗೆ ಬಿಡಬೇಡ. ಬೇಸರವನ್ನು ಬೇಸರವೆಂದೇ ಹೇಳು.

ತಂಡದ ಹೆಸರು ನೋಡಿಯೂ ಮೋಸ ಹೋಗಬೇಡ. ಲೇಖಕ ಜೋ ಡಿಪಿಯೆಟ್ರೋ, ಸಂಗೀತಗಾರ ಡೇವಿಡ್ ಬ್ರಯಾನ್, ನಿರ್ದೇಶಕ ಕ್ರಿಸ್ಟೊಫರ್ ಆಶ್ಲಿ ಒಂದಾಗಿ ಮಾಡಿದ ‘ಮೆಂಫಿಸ್’ 2010ರಲ್ಲಿ ಅತ್ಯುತ್ತಮ ಮ್ಯೂಸಿಕಲ್ ಟೋನಿ ಗೆದ್ದಿತು. ಅದೇ ಮೂವರು ಬ್ರಿಟನ್ನಿನ ರಾಜಕುಮಾರಿಯ ಕಥೆ ‘ಡಯಾನಾ’ ಮಾಡಿದರು. 2020ರ ಮಾರ್ಚಿನಲ್ಲಿ ಪ್ರಿವ್ಯೂ, ಅಂದರೆ ಅಧಿಕೃತ ಆರಂಭಕ್ಕೆ ಮುಂಚಿನ ಪ್ರದರ್ಶನ, ಶುರುವಾಗುತ್ತಲೇ ಕೋವಿಡ್ ಬಂದು ಥಿಯೇಟರುಗಳು ಮುಚ್ಚಿದವು. ಪ್ರೇಕ್ಷಕರಿಲ್ಲದ ಸಭಾಂಗಣದಲ್ಲಿ ಚಿತ್ರೀಕರಿಸಿದ ನಾಟಕ 2021ರ ಅಕ್ಟೋಬರ್ 1ರಂದು ನೆಟ್‌ಫ್ಲಿಕ್ಸ್‌ಗೆ ಬಂತು. ಅಲ್ಲಿ ಅದನ್ನು ನೋಡಿ ಜನ ಆಡಿಕೊಂಡರು. ನವೆಂಬರ್ 17ರಂದು ಲಾಂಗೇಕರ್ ಥಿಯೇಟರಿನಲ್ಲಿ ನಿಜವಾದ ಆರಂಭವಾಗುವ ಹೊತ್ತಿಗೆ ಊರೆಲ್ಲ ತೀರ್ಪು ಕೊಟ್ಟಾಗಿತ್ತು. ಮೇಲಾಗಿ ‘ದಿ ಕ್ರೌನ್’ ಧಾರಾವಾಹಿಯೂ ‘ಸ್ಪೆನ್ಸರ್’ ಸಿನಿಮಾವೂ ಅದೇ ರಾಜಕುಮಾರಿಯ ಕಥೆಯನ್ನು ಆಸುಪಾಸಿನಲ್ಲೇ ಹೇಳಿದ್ದವು. 33 ಪ್ರದರ್ಶನಗಳಿಗೆ ಡಿಸೆಂಬರ್ 19ರಂದು ಮುಗಿಯಿತು. ‘ಜೆರ್ಸಿ ಬಾಯ್ಸ್’ ನಿರ್ದೇಶಿಸಿದ ಡೆಸ್ ಮ್ಯಾಕನಫ್ ಅವರೇ 2018ರಲ್ಲಿ ಗಾಯಕಿ ಡೊನ್ನಾ ಸಮ್ಮರ್ ಕಥೆಯನ್ನು ರಂಗಕ್ಕೆ ತಂದರು. ಅದು ಏಪ್ರಿಲ್‌ನಲ್ಲಿ ಶುರುವಾಗಿ ಡಿಸೆಂಬರ್ ಕೊನೆಗೆ ಮುಗಿಯಿತು. ಕೈ ಅದೇ ಇದ್ದರೂ ಫಲ ಬೇರೆ. ಹಿಂದಿನ ಗೆಲುವು ನುರಿತ ಕೈ ಎಂಬುದಕ್ಕೆ ಸಾಕ್ಷಿ, ಮುಂದಿನ ಗೆಲುವಿಗೆ ಜಾಮೀನು ಅಲ್ಲ.

ನಾಟಕ ಮೊದಲು ಎಲ್ಲಿ ಪರೀಕ್ಷೆಗೆ ನಿಂತಿತ್ತು, ಆ ಪರೀಕ್ಷೆ ಎಂಥದ್ದು ಎಂಬುದನ್ನೂ ನೋಡು. ‘ಹ್ಯಾಮಿಲ್ಟನ್’ ಮೊದಲು ನಿಂತದ್ದು ಅದೇ ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರಿನ 299 ಆಸನಗಳ ರಂಗದಲ್ಲಿ. ಅಲ್ಲಿ ಗೆದ್ದದ್ದು ಕೆಲವೇ ಮೈಲಿ ಆಚೆ ಬಂದು ದೊಡ್ಡದಾಯಿತು. ‘ಟ್ಯಾಮಿ ಫೇ’ ಕಥೆ ಬೇರೆ. ಟೀವಿ ಧರ್ಮಪ್ರಚಾರಕಿಯ ಬದುಕು, ಎಲ್ಟನ್ ಜಾನ್ ಸಂಗೀತ, ಜೇಮ್ಸ್ ಗ್ರಹಾಂ ಬರವಣಿಗೆ. 2022ರಲ್ಲಿ ಲಂಡನ್ನಿನ ಆಲ್ಮೇಡಾದಲ್ಲಿ, ಸುಮಾರು 325 ಆಸನಗಳ ಆಪ್ತ ರಂಗದಲ್ಲಿ, ಮೆಚ್ಚುಗೆ ಗಳಿಸಿತು. ನಾಯಕಿ ಕೇಟಿ ಬ್ರೇಬನ್‌ಗೆ ಆಲಿವಿಯರ್ ಪ್ರಶಸ್ತಿ ಬಂತು. 2024ರಲ್ಲಿ ಅದನ್ನು ತಂದು ಇಳಿಸಿದ್ದು ಸುಮಾರು 1,600 ಆಸನಗಳ ಪ್ಯಾಲೇಸ್ ಥಿಯೇಟರಿನಲ್ಲಿ. ನವೆಂಬರ್ 14ಕ್ಕೆ ಶುರು, ಡಿಸೆಂಬರ್ 8ಕ್ಕೆ ಮುಕ್ತಾಯ, 29 ಪ್ರದರ್ಶನ. ಲಂಡನ್ನಿಗೆ ಅಮೆರಿಕದ ಟೀವಿ ಪ್ರವಚನದ ಲೋಕ ದೂರದ ಬೆರಗು. ನ್ಯೂಯಾರ್ಕಿಗೆ ಅದು ಹಳೆಯ ಪತ್ರಿಕೆಯ ಸುದ್ದಿಯಾಗಿತ್ತು ಎಂದು ನನಗನಿಸುತ್ತದೆ. ಸಣ್ಣ ಕೋಣೆಯಲ್ಲಿ ಮನ ಮುಟ್ಟಿದ ದನಿ ಐದು ಪಟ್ಟು ದೊಡ್ಡ ಮನೆಯಲ್ಲಿ ಅಷ್ಟೇ ಮುಟ್ಟುತ್ತದೆಂದು ಹೇಳಲಾಗದು.

ಇಲ್ಲೇ ಒಂದು ಬಲೆಯಿದೆ, ಕಾಲಿಡಬೇಡ. 2012ರಲ್ಲಿ ಏಮೀ ಸೆಂಪಲ್ ಮ್ಯಾಕ್‌ಫರ್ಸನ್ ಎಂಬ ಇನ್ನೊಬ್ಬ ಧರ್ಮಪ್ರಚಾರಕಿಯ ಬದುಕಿನ ಮೇಲೆ ‘ಸ್ಕ್ಯಾಂಡಲಸ್’ ಬಂದಿತ್ತು. ಅದೂ 29 ಪ್ರದರ್ಶನಗಳಿಗೇ ಮುಗಿದಿತ್ತು. ಅಂಕಿ ಅಂಕಿಗೆ ತಾಳೆಯಾದ ಕೂಡಲೇ ‘ಧರ್ಮಪ್ರಚಾರಕಿಯರ ಕಥೆ ಬ್ರಾಡ್‌ವೇಯಲ್ಲಿ ನಡೆಯುವುದಿಲ್ಲ’ ಎಂಬ ಸೂತ್ರ ಕಟ್ಟಬೇಕೆನ್ನಿಸುತ್ತದೆ. ಎರಡು ಉದಾಹರಣೆಯಿಂದ ಕಟ್ಟಿದ ಸೂತ್ರ ಶಕುನ ನೋಡಿದಂತೆಯೇ. ಸಂಗೀತಗಾರರು ಬೇರೆ, ಬರೆದವರು ಬೇರೆ, ಕಾಲ ಬೇರೆ, ಮನೆ ಬೇರೆ. ಹೋಲಿಕೆ ಕಂಡಾಗ ಕಾರಣವನ್ನು ಹುಡುಕು. ಕಾರಣ ಸಿಗದಿದ್ದರೆ ಹೋಲಿಕೆಯನ್ನು ಅಲ್ಲೇ ಬಿಡು.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಪಣದಲ್ಲಿ ಯಾರೂ ಮುಟ್ಟದ ಭಾಗ ಇದೇ, ಆದರೆ ನಾಟಕಗಳ ಪ್ರಾಣ ಹೆಚ್ಚಾಗಿ ಹೋಗುವುದು ಇಲ್ಲೇ. ಬ್ರಾಡ್‌ವೇಯಲ್ಲಿ ವಾರಕ್ಕೆ ಎಂಟು ಪ್ರದರ್ಶನ. ನಾಟಕ ಕಟ್ಟಲು ಒಮ್ಮೆ ಹಾಕುವ ಬಂಡವಾಳ ಬೇರೆ, ವಾರ ವಾರ ನಡೆಸುವ ಖರ್ಚು ಬೇರೆ. ಹೀಗಿದೆ ಎಂದು ಇಟ್ಟುಕೋ: ಬಂಡವಾಳ 2 ಕೋಟಿ ಡಾಲರ್. ವಾರದ ಖರ್ಚು 8 ಲಕ್ಷ ಡಾಲರ್. ಪ್ರತಿ ಪ್ರದರ್ಶನಕ್ಕೆ 1,000 ಜನ, ಅಂದರೆ ವಾರಕ್ಕೆ 8,000 ಟಿಕೆಟ್. ಟಿಕೆಟಿನ ಸರಾಸರಿ ಬೆಲೆ 110 ಡಾಲರ್ ಆದರೆ ವಾರದ ಕಲೆಕ್ಷನ್ 8 ಲಕ್ಷ 80 ಸಾವಿರ. ಉಳಿಯುವುದು 80 ಸಾವಿರ. ಹಾಕಿದ ದುಡ್ಡು ಹುಟ್ಟಲು 250 ವಾರ, ಹೆಚ್ಚುಕಡಿಮೆ ಐದು ವರ್ಷ ಬೇಕು. ಅದೇ 1,000 ಜನ ಸರಾಸರಿ 150 ಡಾಲರ್ ಕೊಟ್ಟರೆ ಕಲೆಕ್ಷನ್ 12 ಲಕ್ಷ, ಉಳಿಕೆ 4 ಲಕ್ಷ, 50 ವಾರದಲ್ಲಿ ದುಡ್ಡು ವಾಪಸ್. ಜನ ಅಷ್ಟೇ, ಆದರೆ ಒಂದು ನಾಟಕ ಗೆದ್ದಿತು, ಇನ್ನೊಂದು ಏದುಸಿರು ಬಿಡುತ್ತಿದೆ. ಕಲೆಕ್ಷನ್ ಹೆಚ್ಚಿದಂತೆ ಲೇಖಕರ, ಸಂಗೀತಗಾರರ, ಥಿಯೇಟರಿನ ಪಾಲೂ ಹೆಚ್ಚುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ಬಿಗಿ.

ಆದ್ದರಿಂದ ‘ಹೌಸ್‌ಫುಲ್ ಆಗಿತ್ತು’ ಎಂಬ ಮಾತಿಗೆ ಮರುಳಾಗಬೇಡ. ಟೈಮ್ಸ್ ಸ್ಕ್ವೇರಿನ ಟಿಕೆಟಿಎಸ್ ಕಟ್ಟೆಯಲ್ಲಿ 1973ರಿಂದ ಅದೇ ದಿನದ ಟಿಕೆಟ್ಟುಗಳು ರಿಯಾಯಿತಿಗೆ ಸಿಗುತ್ತವೆ. ಮನೆ ತುಂಬಿದ್ದರೂ ಗಲ್ಲಾ ಅರ್ಧ ಖಾಲಿ ಇರಬಹುದು. ಬ್ರಾಡ್‌ವೇ ಲೀಗ್ ಪ್ರತಿ ವಾರ ಪ್ರತಿ ನಾಟಕದ ಕಲೆಕ್ಷನ್ನನ್ನು ಪ್ರಕಟಿಸುತ್ತದೆ. ಅದರಲ್ಲಿ ಶೇಕಡಾ ಎಷ್ಟು ಆಸನ ತುಂಬಿತು ಎಂಬುದನ್ನು ನೋಡಿ ನಿಲ್ಲಿಸದೆ ಟಿಕೆಟಿನ ಸರಾಸರಿ ಬೆಲೆಯನ್ನು ನೋಡು. ಒಂದು ವಾರದ ಅಂಕಿ ಏನನ್ನೂ ಹೇಳದು, ಆರು ವಾರದ ಇಳಿಜಾರು ಬಹಳ ಹೇಳುತ್ತದೆ. ಕಲೆಕ್ಷನ್ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗೆ ಬಿದ್ದರೆ ಜಾಗ ಬಿಡಿಸುವ ಷರತ್ತೂ ಥಿಯೇಟರ್ ಮಾಲೀಕರ ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಹೊರಗೆ ಇನ್ನೊಂದು ನಾಟಕ ಜಾಗಕ್ಕೆ ಕಾಯುತ್ತಿದ್ದರೆ ಒತ್ತಡ ಇನ್ನೂ ಹೆಚ್ಚು. ಐದರಲ್ಲಿ ಸುಮಾರು ಒಂದು ನಾಟಕ ಮಾತ್ರ ಹಾಕಿದ ದುಡ್ಡು ತೆಗೆಯುತ್ತದೆ ಎಂಬುದು ಆ ಕಸುಬಿನಲ್ಲಿ ಬಹುಕಾಲದಿಂದ ಎಲ್ಲರೂ ಹೇಳುವ ಮಾತು. ಅಂದರೆ ಕಣ್ಣುಮುಚ್ಚಿ ಎಲ್ಲದಕ್ಕೂ ‘ತೋಪು’ ಎನ್ನುವವನ ಮಾತು ಐದರಲ್ಲಿ ನಾಲ್ಕು ಸಲ ನಿಜವಾಗುತ್ತದೆ. ಅಂಥವನನ್ನು ಜಾಣನೆಂದುಕೊಳ್ಳಬೇಡ. ಗೆಲ್ಲುವ ಆ ಒಂದನ್ನು ಕಾರಣ ಸಮೇತ ಗುರುತಿಸುವವನು ಜಾಣ.

ಕಾಲವೂ ಲೆಕ್ಕದ ಒಂದು ಭಾಗ. ಟೋನಿ ಸ್ಪರ್ಧೆಗೆ ಏಪ್ರಿಲ್ ಕೊನೆಯ ಗಡುವು ಇರುವುದರಿಂದ ಆ ತಿಂಗಳು ನಾಟಕಗಳ ನೂಕುನುಗ್ಗಲು. 2024ರಲ್ಲಿ ಪೋಲಿಷ್ ಚಿತ್ರಕಲಾವಿದೆ ತಮಾರಾ ದೆ ಲೆಂಪಿಕಾಳ ಕಥೆ ‘ಲೆಂಪಿಕಾ’ ಏಪ್ರಿಲ್ 14ಕ್ಕೆ ಬಂತು. 18ಕ್ಕೆ ಅಮೆರಿಕದ ಮಹಿಳೆಯರ ಮತದಾನದ ಹೋರಾಟದ ‘ಸಫ್ಸ್’, 20ಕ್ಕೆ ಗಾಯಕಿ ಅಲಿಶಿಯಾ ಕೀಸ್ ಬಾಲ್ಯದ ನೆರಳಿರುವ ‘ಹೆಲ್ಸ್ ಕಿಚನ್’ ಬಂದವು. ಹೊಸ ಹಾಡು, ಹೆಚ್ಚು ಜನರಿಗೆ ಗೊತ್ತಿರದ ಹೆಸರು, ಸುತ್ತ ಇಷ್ಟು ಗದ್ದಲ. ಮೂರು ಟೋನಿ ನಾಮನಿರ್ದೇಶನಗಳು ಬಂದರೂ ‘ಲೆಂಪಿಕಾ’ 41 ಪ್ರದರ್ಶನಗಳಿಗೆ, ಪ್ರಶಸ್ತಿ ಸಮಾರಂಭಕ್ಕೆ ಮುಂಚೆಯೇ, ಮೇ 19ಕ್ಕೆ ನಿಂತಿತು. ಬೇಸಿಗೆಯ ಮತ್ತು ಕ್ರಿಸ್‌ಮಸ್ಸಿನ ಪ್ರವಾಸಿಗರು ಹೋದ ಮೇಲಿನ ಸೆಪ್ಟೆಂಬರ್, ಜನವರಿ, ಫೆಬ್ರುವರಿ ಯಾವ ನಾಟಕಕ್ಕೂ ಕಷ್ಟದ ದಿನಗಳು. ಕೈಯಲ್ಲಿ ಮುಂಗಡ ಟಿಕೆಟಿನ ದುಡ್ಡಿಲ್ಲದ ನಾಟಕ ಆ ಕೊರಕಲನ್ನು ದಾಟುವುದಿಲ್ಲ.

ಮುಖ್ಯ ಪಾತ್ರಧಾರಿಯನ್ನೂ ಮರೆಯಬೇಡ. ಜೀವನಚರಿತ್ರೆಯ ನಾಟಕ ಒಬ್ಬರ ಹೆಗಲ ಮೇಲೆ ನಿಲ್ಲುತ್ತದೆ. ‘ಫನ್ನಿ ಗರ್ಲ್’ 1964ರಲ್ಲಿ ಬಾರ್ಬ್ರಾ ಸ್ಟ್ರೈಸಂಡ್ ದನಿಯಲ್ಲಿ ಎದ್ದುನಿಂತಿತು. 2022ರಲ್ಲಿ ಮತ್ತೆ ಬಂದಾಗ ಮೊದಲು ಸೊರಗಿ, ಸೆಪ್ಟೆಂಬರಿನಲ್ಲಿ ಲಿಯಾ ಮಿಶೆಲ್ ಪಾತ್ರ ವಹಿಸಿಕೊಂಡ ಮೇಲೆ ವಾರಕ್ಕೆ 20 ಲಕ್ಷ ಡಾಲರ್ ದಾಟುವಷ್ಟು ಚೇತರಿಸಿಕೊಂಡಿತು. ಅದೇ ಮಾತು, ಅದೇ ಹಾಡು, ಅದೇ ರಂಗಸಜ್ಜಿಕೆ. ಆದ್ದರಿಂದ ‘ಈ ಕಥೆ ನಡೆಯುವುದಿಲ್ಲ’ ಎನ್ನುವ ಮೊದಲು ‘ಈ ಪಾತ್ರಹಂಚಿಕೆಯಲ್ಲಿ’ ಎಂಬ ಮಾತನ್ನು ಸೇರಿಸಬೇಕೇ ಎಂದು ಯೋಚಿಸು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಕೊಡಲೇಬೇಕು. ಓಡುವುದು ಬೇರೆ, ಒಳ್ಳೆಯದಾಗಿರುವುದು ಬೇರೆ. 1959ನೇ ಇಸವಿಯಲ್ಲಿ ಬ್ರಾಡ್‌ವೇಗೆ ನಿಜಬದುಕಿನ ಮೂರು ಮ್ಯೂಸಿಕಲ್ ಬಂದವು. ಮೇ ತಿಂಗಳಲ್ಲಿ ‘ಜಿಪ್ಸಿ’. ನವೆಂಬರಿನಲ್ಲಿ ಟ್ರ್ಯಾಪ್ ಕುಟುಂಬದ ‘ದಿ ಸೌಂಡ್ ಆಫ್ ಮ್ಯೂಸಿಕ್’. ಅದಾಗಿ ಒಂದೇ ವಾರಕ್ಕೆ ನ್ಯೂಯಾರ್ಕಿನ ಮೇಯರ್ ಲಾಗ್ವಾರ್ಡಿಯಾ ಅವರ ‘ಫಿಯೊರೆಲ್ಲೊ!’. ಟೋನಿಯನ್ನು ಕೊನೆಯ ಎರಡು ಹಂಚಿಕೊಂಡವು. ‘ಫಿಯೊರೆಲ್ಲೊ!’ಗೆ ಪುಲಿಟ್ಜರ್ ಕೂಡ ಬಂತು, ಅದು 795 ಪ್ರದರ್ಶನ ಕಂಡಿತು. ‘ಜಿಪ್ಸಿ’ಗೆ ಒಂದೂ ಟೋನಿ ಸಿಗಲಿಲ್ಲ, 702 ಪ್ರದರ್ಶನಕ್ಕೆ ಮುಗಿಯಿತು. ಆ ವರ್ಷ ಯಾರಾದರೂ ತಕ್ಕಡಿ ಹಿಡಿದಿದ್ದರೆ ಮೇಯರ್ ಅವರ ಕಥೆಯೇ ಭಾರವಾಗುತ್ತಿತ್ತು. ಆಮೇಲೆ ‘ಜಿಪ್ಸಿ’ 1974, 1989, 2003, 2008, 2024ರಲ್ಲಿ ಬ್ರಾಡ್‌ವೇಗೆ ಮರಳಿ ಬಂತು, ಆ ತಾಯಿಯ ಪಾತ್ರಕ್ಕೆ ದೊಡ್ಡ ದೊಡ್ಡ ನಟಿಯರು ಕಾದು ನಿಂತರು. ‘ಫಿಯೊರೆಲ್ಲೊ!’ಗೆ ಅಂಥ ಮರುಬಾಳು ಸಿಗಲಿಲ್ಲ. ಮೇಯರ್ ಅವರನ್ನು ಕಂಡು ಬಲ್ಲ ತಲೆಮಾರು ಹೋದ ಮೇಲೆ ಅವರ ಮೇಲಿನ ಪ್ರೀತಿಯೂ ಆ ತಲೆಮಾರಿನೊಂದಿಗೆ ಹೋಯಿತು. ಮಗಳನ್ನು ಬಿಡಲಾರದ ತಾಯಿ ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಹುಟ್ಟುತ್ತಾಳೆ. ನಿನಗೆ ಮೊದಲೇ ಹೇಳಿದ ಆಯ್ಕೆಯ ಮಾತು ಅರವತ್ತು ವರ್ಷಗಳ ಮೇಲೂ ಹೀಗೆ ಫಲ ಕೊಡುತ್ತದೆ.

ಆದ್ದರಿಂದ ಈ ಸಲ ಪಣದ ಮಾತು ಬಂದಾಗ ಹೀಗೆ ಮಾಡು. ಒಂದು ನೋಟ್‌ಬುಕ್ ಇಟ್ಟುಕೋ. ಹೊಸ ನಾಟಕದ ಹೆಸರು ಬರೆದು ಅದರ ಕೆಳಗೆ ಎರಡು ಬೇರೆ ಬೇರೆ ಪ್ರಶ್ನೆ ಹಾಕು: ‘ಒಳ್ಳೆಯದಾದೀತೇ?’, ‘ಓಡೀತೇ?’ ಎರಡಕ್ಕೂ ಉತ್ತರವನ್ನು, ಮುಖ್ಯವಾಗಿ ಕಾರಣವನ್ನು, ಮೊದಲ ಪ್ರಿವ್ಯೂಗೆ ಮುಂಚೆ ತಾರೀಖು ಹಾಕಿ ಬರೆ. ಪ್ರಿವ್ಯೂ ದಿನಗಳಲ್ಲಿ ಒಮ್ಮೆ, ವಿಮರ್ಶಕರು ಬಂದುಹೋದ ಮೇಲೆ ಇನ್ನೊಮ್ಮೆ ನೋಡು. ಆ ನಡುವೆ ಯಾವ ಹಾಡನ್ನು ಕೈಬಿಟ್ಟರು, ಯಾವ ದೃಶ್ಯ ಹಿಂದೆ ಮುಂದೆ ಆಯಿತು ಎಂದು ಗುರುತು ಮಾಡಿಕೋ. ನಾಟಕ ಕಟ್ಟುವವರ ಬುದ್ಧಿ ಹೇಗೆ ಓಡುತ್ತದೆ ಎಂಬುದು ಯಾವ ತರಗತಿಗಿಂತಲೂ ಅಲ್ಲಿ ಚೆನ್ನಾಗಿ ಕಾಣುತ್ತದೆ. ಆರು ತಿಂಗಳಾದ ಮೇಲೆ ನಿನ್ನ ಕಾರಣಗಳನ್ನು ತೆಗೆದು ಓದು. ಅಂದಾಜು ಸರಿಯಾಗಿ ಕಾರಣ ತಪ್ಪಾಗಿದ್ದರೆ ಅದು ಅದೃಷ್ಟ. ಅಂದಾಜು ತಪ್ಪಾಗಿ ಕಾರಣದಲ್ಲಿ ಹುರುಳಿದ್ದರೆ ಅದು ಕಲಿಕೆ.

ಮತ್ತೆ, ಮುಳುಗಲಿ ಎಂದು ಯಾವ ನಾಟಕಕ್ಕೂ ಹಾರೈಸಬೇಡ, ಮುಳುಗಿತೆಂದು ನಗಬೇಡ. ಒಂದು ಮ್ಯೂಸಿಕಲ್ ನಿಂತ ದಿನ ಕೆಲಸ ಹೋಗುವುದು ಪೋಸ್ಟರಿನಲ್ಲಿ ಮುಖವಿರುವ ತಾರೆಯೊಬ್ಬರದಲ್ಲ. ವಾದ್ಯದವರು, ಬಣ್ಣ ಮತ್ತು ವಿಗ್ ಮಾಡುವವರು, ಉಡುಪಿನ ಕೋಣೆಯವರು, ದೀಪದವರು, ಬಾಗಿಲಲ್ಲಿ ಟಿಕೆಟ್ ನೋಡುವವರು, ಎಲ್ಲರ ಮನೆಯ ಬಾಡಿಗೆ ಅದರಲ್ಲಿ ಸೇರಿರುತ್ತದೆ. ಮುಂದೊಂದು ದಿನ ನೀನೂ ಅಂಥ ತಂಡದಲ್ಲಿ ಇರುತ್ತೀಯ. ಅಂದು ನಿನ್ನ ನಿರ್ಮಾಪಕರು ಸ್ಕ್ರಿಪ್ಟ್ ಮುಂದಿಟ್ಟು ‘ಇದು ಓಡುತ್ತದೆಯೇ’ ಎಂದು ಕೇಳಿದರೆ ಹೌದು, ಇಲ್ಲ ಎಂದು ಒಂದು ಮಾತಿನಲ್ಲಿ ಮುಗಿಸಬೇಡ. ಈ ಬದುಕಿನ ಗಂಟು ಇಲ್ಲಿದೆ, ಅದಕ್ಕೆ ಈ ದೃಶ್ಯ ಬೇಕು, ಈ ಮೂರು ದೃಶ್ಯ ಬೇಡ, ಈ ಮನೆ ನಮಗೆ ದೊಡ್ಡದಾಯಿತು, ವಾರದ ಖರ್ಚು ಇಷ್ಟು ಇಳಿದರೆ ಫೆಬ್ರುವರಿ ದಾಟುತ್ತೇವೆ ಎಂದು ಹೇಳುವವಳಾಗು. ಒಳ್ಳೆಯ ನಾಟಕವೊಂದು ಜನ ಬಂದು ಸೇರುವ ತನಕ ಬದುಕಿ ಉಳಿಯಲು ಅಂಥ ಮಾತು ಬೇಕು. ಅಂಥ ಮಾತು ಆಡುವವರು ಎಲ್ಲ ಕಾಲದಲ್ಲೂ ಕಡಿಮೆ. ನೀನು ಅವರಲ್ಲಿ ಒಬ್ಬಳಾಗಬೇಕೆಂಬುದು ನನ್ನ ಆಸೆ, ಆಗಬಲ್ಲೆ ಎಂಬುದು ನನ್ನ ನಂಬಿಕೆ.

ಇತಿ ನಿನ್ನ,
ದೊಡ್ಡಪ್ಪ